ಹತ್ತಕ್ಕೆ ಹತ್ತು

ಜ್ವರೀಸ್‌ಖೇವಿ, ಕಾಖೇತಿ, ಜಾರ್ಜಿಯಾ
ಮಾರ್ಚ್ 12

ತರಬೇತುದಾರ ತೋರ್ನಿಕೆ ಅವರಿಗೆ,

ತೆಲಾವಿಯ ತರಬೇತಿ ಮುಗಿಸಿ ಊರಿಗೆ ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿಮಗೆ ಅಲ್ಲೇ ಕೊಡಬೇಕಿದ್ದ ಉತ್ತರಗಳನ್ನು ಜೋಡಿಸಿಕೊಂಡು ಬಂದಿದ್ದೇನೆ, ಆದ್ದರಿಂದ ಒಂದೇ ಉಸಿರಿಗೆ ಬರೆಯುತ್ತೇನೆ.

ಅಷ್ಟು ಜನ ಡಾಕ್ಟರುಗಳ ಎದುರು ನನ್ನನ್ನು ನಿಲ್ಲಿಸಿ, "ಲಮಾರಾ ಮೇಡಂ, ಐದು ನಿಮಿಷದ ಮಾತುಕತೆಯಲ್ಲಿ ನಾಲ್ಕು ನಿಮಿಷ ನೀವೇ ಮಾತಾಡಿದ್ರಿ" ಎಂದಿರಿ. ಎಲ್ಲರೂ ನಕ್ಕರು. ನಗಲಿ. ಕುಡುಕನ ಪಾತ್ರಕ್ಕೆ ನೀವು ಕರೆತಂದಿದ್ದ ಆ ನಾಟಕದ ಹುಡುಗನಿಗೆ ಕುಡುಕ ಹೇಗೆ ಕೂರುತ್ತಾನೆ ಎಂಬುದೇ ಗೊತ್ತಿರಲಿಲ್ಲ. ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂತಿದ್ದ. ನನ್ನ ರೋಗಿಗಳು ಹಾಗೆ ಕೂರುವುದಿಲ್ಲ ಸ್ವಾಮಿ.

ಉಪದೇಶ ಮಾಡಬೇಡಿ, ಹೆದರಿಸಬೇಡಿ, ಬೈಯಬೇಡಿ, ಕೇಳಿ. ಅವರು ಹೇಳಿದ್ದನ್ನೇ ನಿಮ್ಮ ಮಾತಲ್ಲಿ ಅವರಿಗೆ ವಾಪಸು ಹೇಳಿ. ಬದಲಾಗಬೇಕೆಂಬ ಮಾತು ಅವರ ಬಾಯಿಂದಲೇ ಬರಲಿ. ಇಷ್ಟು ತಾನೇ ನಿಮ್ಮ ಪಾಠ? ಮೂವತ್ತು ವರ್ಷದಿಂದ ಈ ಊರಿನವರನ್ನು ನಾನು ಗಂಟಲು ಹರಿಯುವ ಹಾಗೆ ಬೈದಿದ್ದೇನೆ. ಅವರ ಅಪ್ಪಂದಿರನ್ನೂ ಬೈದಿದ್ದೇನೆ. ಬೈಯದೆ ಔಷಧಿ ಬರೆದುಕೊಟ್ಟರೆ ಅವರಿಗೆ ಅನುಮಾನ ಬರುತ್ತದೆ, ಡಾಕ್ಟರಮ್ಮನಿಗೆ ಮೈ ಹುಷಾರಿಲ್ಲವೇನೋ ಎಂದು.

ಆದರೂ ಸರ್ಟಿಫಿಕೇಟು ಇಲ್ಲದಿದ್ದರೆ ನನ್ನ ಚಿಕಿತ್ಸಾಲಯವನ್ನು ಈ ಕುಡಿತ ಬಿಡಿಸುವ ಯೋಜನೆಯಿಂದ ಕೈಬಿಡುತ್ತಾರಂತೆ, ಆದ್ದರಿಂದ ಮಾಡುತ್ತೇನೆ. ಮಾತುಕತೆಯನ್ನು ರೆಕಾರ್ಡ್ ಮಾಡಿ ಕಳಿಸಲು ಮಾತ್ರ ಆಗುವುದಿಲ್ಲ. ಮೇಜಿನ ಮೇಲೆ ಆ ಯಂತ್ರ ಕಂಡರೆ ನಮ್ಮಲ್ಲಿ ಅರವತ್ತು ದಾಟಿದವರೆಲ್ಲ ಹವಾಮಾನದ ಬಗ್ಗೆ ಮಾತಾಡಲು ಶುರುಮಾಡುತ್ತಾರೆ. ಸರಕಾರ ಮಾತು ಕದ್ದು ಕೇಳುತ್ತಿದ್ದ ಹಳೆಯ ಕಾಲದ ಭಯ, ನಿಮಗೆ ಅರ್ಥವಾಗಲಿಕ್ಕಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದು ಮಿನಿಬಸ್ಸು ಓಡಿಸುವ ಘೋಚಾನ ಕೈಯಲ್ಲಿ ಕಳಿಸುತ್ತೇನೆ. ಇ-ಮೇಲ್ ಕೇಳಬೇಡಿ, ನಮ್ಮ ಕಂಪ್ಯೂಟರು ಅದಕ್ಕೆ ಮನಸ್ಸು ಬಂದಾಗ ಮಾತ್ರ ಏಳುತ್ತದೆ.

ನಾನು ಆರಿಸಿಕೊಂಡ ರೋಗಿ ಜುಂಬೇರ್. ಪಕ್ಕದ ಮನೆಯವನು, ನನಗಿಂತ ಎರಡು ವರ್ಷ ದೊಡ್ಡವನು, ಈ ಕಣಿವೆಯ ಅತಿ ದೊಡ್ಡ ತಮಾದಾ. ನೀವು ನಗರದವರು, ಮದುವೆಗೆ ತಮಾದಾನನ್ನು ಫೋನಿನಲ್ಲಿ ಗೊತ್ತುಮಾಡುವವರು. ಇಲ್ಲಿ ತಮಾದಾ ಎಂದರೆ ಊಟದ ಮೇಜಿನ ದೊರೆ. ಅವನು ಎದ್ದು ಹಾರೈಕೆಯ ಮಾತಾಡುವ ತನಕ ಯಾರೂ ವೈನಿನ ಲೋಟ ಎತ್ತುವಂತಿಲ್ಲ, ಆಡಿದ ಪ್ರತಿ ಹಾರೈಕೆಗೂ ಅವನೇ ಮೊದಲು ಲೋಟದಂತೆ ಹಿಡಿಯುವ ಟೊಳ್ಳು ಕೊಂಬಿನಲ್ಲಿರುವ ವೈನನ್ನೆಲ್ಲ ಕುಡಿದು ಮುಗಿಸಬೇಕು. ನಲವತ್ತು ವರ್ಷ ಹಾಗೆ ಮುಗಿಸಿದ್ದಾನೆ. ಈಗ ಅವನ ಲಿವರು ಕಲ್ಲಾಗಿದೆ, ಅನ್ನನಾಳದೊಳಗೆ ರಕ್ತನಾಳಗಳು ಉಬ್ಬಿ ನಿಂತಿವೆ. ಅವು ಒಡೆದರೆ ಜುಂಬೇರ್ ಇಲ್ಲ. ನಿಮ್ಮ ಪಾಠ ನಿಜವೋ ಸುಳ್ಳೋ, ಇವನ ಮೇಲೆ ನೋಡೋಣ.

ಡಾ. ಲಮಾರಾ


ಟಿಬಿಲಿಸಿ
ಮಾರ್ಚ್ 20

ಮಾನ್ಯ ಡಾ. ಲಮಾರಾ ಅವರಿಗೆ,

ನಿಮ್ಮ ಪತ್ರ ತಲುಪಿತು. ತರಬೇತಿಯಲ್ಲಿ ನನ್ನ ಮಾತಿನಿಂದ ನೋವಾಗಿದ್ದರೆ ಕ್ಷಮೆ ಇರಲಿ. ರೆಕಾರ್ಡಿನ ಬದಲು ಬರಹದ ವರದಿಗೆ ನಿಮ್ಮೊಬ್ಬರಿಗೆ ಅನುಮತಿ ಪಡೆದಿದ್ದೇನೆ. ರೋಗಿಯ ಮಾತು ಮತ್ತು ನಿಮ್ಮ ಮಾತು ಎರಡನ್ನೂ ಇದ್ದ ಹಾಗೆ ಬರೆಯಿರಿ, ನಾನು ಅಂಕ ಕೊಟ್ಟು ತಿದ್ದಿ ಕಳಿಸುತ್ತೇನೆ.

ಒಂದು ಸಲಹೆ. ಸಂಖ್ಯೆಯ ಪ್ರಶ್ನೆಯಿಂದ ಆರಂಭಿಸಿ: ಕುಡಿತ ಬಿಡುವುದು ನಿಮಗೆ ಎಷ್ಟು ಮುಖ್ಯ, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಿ. ಅವರು ನಾಲ್ಕು ಎಂದರೆ, ಸೊನ್ನೆ ಯಾಕಲ್ಲ ಎಂದು ಕೇಳಿ. ಆಗ ಬದಲಾವಣೆಯ ಕಾರಣಗಳನ್ನು ಅವರೇ ಹೇಳತೊಡಗುತ್ತಾರೆ. ಅನೇಕ ದೇಶಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡಿದೆ. ಮಾತುಕತೆ ಚಿಕಿತ್ಸಾಲಯದಲ್ಲೇ ನಡೆಯಲಿ, ಐದು ನಿಮಿಷ ಮೀರದಿರಲಿ.

ನಿಮ್ಮ ವಿಶ್ವಾಸಿ,
ತೋರ್ನಿಕೆ


ಜ್ವರೀಸ್‌ಖೇವಿ
ಏಪ್ರಿಲ್ 3

ತೋರ್ನಿಕೆ ಅವರಿಗೆ,

ಮಾಡಿದೆ. ನಡೆದ ಹಾಗೆ ಬರೆಯುತ್ತೇನೆ.

ಜುಂಬೇರ್ ರಕ್ತದೊತ್ತಡದ ಮಾತ್ರೆಗೆ ಬಂದ. ಬಾಗಿಲು ಮುಚ್ಚಿ ಕೂರಿಸಿದೆ. ಬೈಗುಳಕ್ಕೆ ಸಿದ್ಧನಾಗಿ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ನಾನು, "ಜುಂಬೇರ್, ನಿನ್ನ ಕುಡಿತದ ಬಗ್ಗೆ ಸ್ವಲ್ಪ ಮಾತಾಡಬಹುದಾ?" ಎಂದೆ.

"ಅಯ್ಯೋ, ಅಪ್ಪಣೆ ಕೇಳ್ತಿದ್ದೀಯ! ಯಾಕೆ ಲಮಾರಾ, ನಂಗೆ ಏನಾಗಿದೆ? ನಿಜ ಹೇಳು, ಎಷ್ಟು ದಿನ ಉಳಿದಿದೆ?"

"ಏನೂ ಆಗಿಲ್ಲ ಕಣಯ್ಯಾ. ಸುಮ್ನೆ ಕೇಳ್ದೆ. ಕುಡಿಯೋದು ಬಿಡೋದು ನಿಂಗೆ ಎಷ್ಟು ಮುಖ್ಯ? ಸೊನ್ನೆಯಿಂದ ಹತ್ತರೊಳಗೆ ಹೇಳು."

ಅವನು ನನ್ನನ್ನೇ ನೋಡಿದ. ಎದ್ದು ನಿಂತ. ನಿಂತು, ಎದೆಯ ಮೇಲೆ ಕೈ ಇಟ್ಟು, "ಹತ್ತು!" ಎಂದ. "ನಿನ್ನಂಥವಳು ಕೇಳಿದ ಮೇಲೆ ಹತ್ತು. ಹನ್ನೊಂದು ಇದ್ರೆ ಹನ್ನೊಂದೂ ತಗೋ."

ಹತ್ತು ಎಂದವನಿಗೆ ಮುಂದೇನು ಕೇಳಬೇಕೆಂದು ನೀವು ಹೇಳಿಕೊಟ್ಟಿಲ್ಲ. ಅವನ ಮಾತ್ರೆ ಮೇಜಿನ ಮೇಲೆ ಇಟ್ಟೆ. ಅವನು ಮಾತ್ರೆ ತೆಗೆದುಕೊಂಡು, ನನ್ನ ಕೈಗೆ ಮುತ್ತಿಟ್ಟು, ಹೋದ.

ಅಂಕ ಹಾಕಿ ಕಳಿಸಿ.

ಲಮಾರಾ


ಟಿಬಿಲಿಸಿ
ಏಪ್ರಿಲ್ 11

ಮಾನ್ಯ ಡಾ. ಲಮಾರಾ,

ಅಭಿನಂದನೆಗಳು! ಹತ್ತು ಎಂಬ ಉತ್ತರ ಅಪರೂಪ. ರೋಗಿ ಸಿದ್ಧರಾಗಿದ್ದಾರೆ ಎಂದೇ ಇದರ ಅರ್ಥ. ಅವರು ಎದ್ದು ನಿಂತದ್ದು ನಿರ್ಧಾರದ ಸ್ಪಷ್ಟ ಲಕ್ಷಣ. ನೀವು ಅನುಮತಿ ಕೇಳಿದ ರೀತಿಗೂ ಪೂರ್ಣ ಅಂಕ ಕೊಟ್ಟಿದ್ದೇನೆ. ನಿಮ್ಮ ವರದಿಯನ್ನು ನಮ್ಮ ಮುಖ್ಯಸ್ಥರಿಗೆ ತೋರಿಸಿದೆ, ಬಹಳ ಸಂತೋಷಪಟ್ಟರು.

ಇಂಥ ರೋಗಿಯನ್ನು ಈಗ ಒತ್ತಾಯಿಸುವ ಅಗತ್ಯವಿಲ್ಲ. ಮುಂದಿನ ಹೆಜ್ಜೆಯನ್ನು ಅವರೇ ಇಡುತ್ತಾರೆ. ಕೆಲವು ವಾರ ಬಿಟ್ಟು ನೋಡಿ.

ತೋರ್ನಿಕೆ


ಜ್ವರೀಸ್‌ಖೇವಿ
ಮೇ 26

ತೋರ್ನಿಕೆ,

ನೀವು ಹೇಳಿದ ಹಾಗೆ ಕೆಲವು ವಾರ ಬಿಟ್ಟು ನೋಡಿದೆ. ನೋಡಿದ್ದು ಏನೆಂದು ಹೇಳುತ್ತೇನೆ.

ಕಳೆದ ಭಾನುವಾರ ಜುಂಬೇರ್ ತನ್ನ ಹಿತ್ತಿಲಲ್ಲಿ ಬಿದ್ದಿದ್ದ. ಅವನ ಹೆಂಡತಿ ಎಲಿಕೋ ಕೂಗಿದ ಕೂಗಿಗೆ ನಾನು ಬೇಲಿ ಹಾರಿ ಹೋದೆ, ಈ ವಯಸ್ಸಿನಲ್ಲಿ. ಬಾಯಿಂದ ರಕ್ತ, ಅಂಗಿಯೆಲ್ಲ ರಕ್ತ, ಹುಲ್ಲಿನ ಮೇಲೆ ರಕ್ತ. ಘೋಚಾ ಮಿನಿಬಸ್ಸಿನಲ್ಲಿದ್ದ ಪ್ರಯಾಣಿಕರನ್ನೆಲ್ಲ ರಸ್ತೆಯಲ್ಲೇ ಇಳಿಸಿ ಅವನನ್ನು ತೆಲಾವಿಗೆ ಕೊಂಡುಹೋದ. ಗಂಟಲಿಗೆ ಕೊಳವೆ ಹಾಕಿದ್ದಾರೆ. ಬದುಕಿದ್ದಾನೆ. ಇನ್ನೊಮ್ಮೆ ಹೀಗಾದರೆ ಇಲ್ಲಿಗೆ ತರುವ ಶ್ರಮ ಬೇಡ ಎಂದು ಅಲ್ಲಿಯ ಡಾಕ್ಟರು ನನಗೆ ಮೊಗಸಾಲೆಯಲ್ಲಿ ಹೇಳಿದ.

ಈಗ ನಿಮ್ಮ ಹತ್ತರ ವಿಷಯ. ನೀವು ಜಾರ್ಜಿಯಾದಲ್ಲೇ ಹುಟ್ಟಿದವರು ತಾನೇ? ನಿಮ್ಮ ಮನೆಗೆ ಯಾರೂ ಯಾವತ್ತೂ ಊಟಕ್ಕೆ ಬಂದಿಲ್ಲವೇ? ಹೆಂಗಸೊಬ್ಬಳು, ಅದೂ ಪಕ್ಕದ ಮನೆಯವಳು, ಎಷ್ಟು ಕೊಡುತ್ತೀಯ ಎಂದು ಕೇಳಿದರೆ ನಮ್ಮ ಗಂಡಸು ನಾಲ್ಕು ಎನ್ನುತ್ತಾನೆಯೇ? ಕೇಳಿದವರಿಗೆ ಕಡಿಮೆ ಕೊಟ್ಟು ಕಳಿಸುವುದು ನಮ್ಮಲ್ಲಿ ಜಿಪುಣತನ. ಅವನು ಹತ್ತು ಕೊಟ್ಟದ್ದು ನನಗೆ, ನನ್ನ ಮರ್ಯಾದೆಗೆ. ಕುಡಿತಕ್ಕೂ ಆ ಹತ್ತಕ್ಕೂ ಏನೇನೂ ಸಂಬಂಧವಿರಲಿಲ್ಲ. ಆಮೇಲೆ ಪರೀಕ್ಷೆಗೆಂದು ನನ್ನ ಬೇರೆ ರೋಗಿಗಳನ್ನೂ ಕೇಳಿದೆ. ಎಲ್ಲರೂ ಹತ್ತು. ದಿನವಿಡೀ ಸಿಗರೇಟು ಸೇದುವ ಅಂಚೆಯವಳು ಹತ್ತು. ಸಕ್ಕರೆ ಕಾಯಿಲೆ ಇಟ್ಟುಕೊಂಡು ಜೇನು ನೆಕ್ಕುವ ಪಾದ್ರಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಹತ್ತು. ಕಾಖೇತಿಯಲ್ಲಿ ಒಂಬತ್ತು ಕೊಡುವ ನರಮನುಷ್ಯ ಇಲ್ಲ!

ನನಗೆ ಅದು ಆವತ್ತೇ ಅನ್ನಿಸಿತ್ತು. ನೀವು ಅಭಿನಂದನೆ ಬರೆದಿರಿ. ಒತ್ತಾಯಿಸಬೇಡಿ ಎಂದಿರಿ. ನಾನು ಬಾಯಿಗೆ ಬೀಗ ಹಾಕಿಕೊಂಡೆ, ಅವನು ಬೇಲಿಯ ಆಚೆ ದಿನಾ ಕುಡಿಯುತ್ತಿದ್ದುದನ್ನು ನೋಡುತ್ತ.

ಒಂದು ಪ್ರಶ್ನೆ. ನಾಟಕದ ಹುಡುಗರನ್ನು ಬಿಟ್ಟು, ನಿಜವಾದ ಕುಡುಕನೊಬ್ಬನ ಎದುರು ನೀವು ಯಾವತ್ತಾದರೂ ಕೂತಿದ್ದೀರಾ? ಹೌದೋ ಅಲ್ಲವೋ, ಅಷ್ಟು ಬರೆಯಿರಿ.

ಲಮಾರಾ


ಜ್ವರೀಸ್‌ಖೇವಿ
ಜೂನ್ 30

ತೋರ್ನಿಕೆ,

ಘೋಚಾ ವಾರ ವಾರವೂ ಖಾಲಿ ಕೈಯಲ್ಲಿ ಬರುತ್ತಾನೆ. ಇದೇ ನಿಮ್ಮ ಉತ್ತರ ಎಂದು ತಿಳಿದುಕೊಂಡೆ. ಸರ್ಟಿಫಿಕೇಟು ನೀವೇ ಇಟ್ಟುಕೊಳ್ಳಿ. ಜುಂಬೇರ್ ಮನೆಗೆ ಬಂದಿದ್ದಾನೆ, ಅದನ್ನು ತಿಳಿಸಲಷ್ಟೇ ಬರೆದೆ.

ಲ.


ಟಿಬಿಲಿಸಿ
ಜುಲೈ 19

ಲಮಾರಾ ಮೇಡಂ,

ಇಲ್ಲ. ಕೂತಿರಲಿಲ್ಲ.

ಈ ಎರಡು ಪದ ಬರೆಯಲು ಇಷ್ಟು ದಿನ ಹಿಡಿಯಿತು. ನಾನು ಮನಶ್ಶಾಸ್ತ್ರ ಓದಿದವನು, ಎರಡು ದೇಶಗಳಲ್ಲಿ ತರಬೇತಿ ಪಡೆದವನು, ನೂರಾರು ಮಾತುಕತೆಗಳಿಗೆ ಅಂಕ ಹಾಕಿದವನು. ಆದರೆ ಮೇಜಿನ ಆ ಬದಿಯ ಕುರ್ಚಿಯಲ್ಲಿ ನಿಜವಾದ ರೋಗಿ ಇದ್ದದ್ದು ಒಮ್ಮೆಯೂ ಇಲ್ಲ. ನಿಮ್ಮ ಪತ್ರ ಬಂದ ಮೇಲೆ ರೈಲು ನಿಲ್ದಾಣದ ಹತ್ತಿರದ ಒಂದು ಚಿಕಿತ್ಸಾಲಯಕ್ಕೆ ಹೋಗಿ ವಾರಕ್ಕೆರಡು ಸಂಜೆ ಕೂರುತ್ತೇನೆ ಎಂದು ಕೇಳಿಕೊಂಡೆ.

ಮೊದಲ ರೋಗಿ ಟ್ಯಾಕ್ಸಿ ಓಡಿಸುವವನು. ನಾನು ಅನುಮತಿ ಕೇಳಿದೆ. ಅವನು ಹೇಳಿದ್ದನ್ನು ನನ್ನ ಮಾತಲ್ಲಿ ವಾಪಸು ಹೇಳಿದೆ. "ನಾನು ಹೇಳಿದ್ದನ್ನೇ ನಂಗೆ ಯಾಕೋ ಹೇಳ್ತೀಯ? ಕಿವಿ ಕೇಳಿಸಲ್ವಾ ನಿಂಗೆ?" ಎಂದು ಎದ್ದು ಹೋದ. ಎರಡನೆಯವನಿಗೆ ಸಂಖ್ಯೆ ಕೇಳಿದೆ. ಹತ್ತು ಎಂದು ನನ್ನ ಬೆನ್ನು ತಟ್ಟಿದ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಜುಂಬೇರರ ರಕ್ತ ಕಣ್ಣಿಗೆ ಕಟ್ಟಿತು.

ಈ ವಿಧಾನ ಸುಳ್ಳು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಅದನ್ನು ಹಿಡಿದುಕೊಂಡಿದ್ದ ನನ್ನ ಕೈ ಪಳಗಿರಲಿಲ್ಲ. ಅವರು ಈಗ ಹೇಗಿದ್ದಾರೆ? ಅವರ ಹತ್ತಿರ ಮತ್ತೆ ಮಾತಾಡಿದಿರಾ? ಅಂಕಕ್ಕಾಗಿ ಕೇಳುತ್ತಿಲ್ಲ.

ತೋರ್ನಿಕೆ


ಜ್ವರೀಸ್‌ಖೇವಿ
ಆಗಸ್ಟ್ 8

ತೋರ್ನಿಕೆ ಮಗಾ,

ಇಲ್ಲ ಎಂದು ಬರೆದೆಯಲ್ಲ, ಇನ್ನು ಮೇಲೆ ನಿನ್ನನ್ನು ನೀನು ಎನ್ನುತ್ತೇನೆ. ಬೇಡವಾದರೆ ಹೇಳು.

ಮಾತಾಡಿದೆ. ಚಿಕಿತ್ಸಾಲಯದಲ್ಲಿ ಅಲ್ಲ. ಚಿಕಿತ್ಸಾಲಯದಲ್ಲಿ ಅವನು ಅತಿಥಿ, ನಾನು ಮನೆಯವಳು, ಮತ್ತೆ ಹತ್ತು ಕೊಟ್ಟುಬಿಡುತ್ತಾನೆ. ನಮ್ಮಿಬ್ಬರ ಹಿತ್ತಿಲ ನಡುವಿನ ಬೇಲಿಯ ಹತ್ತಿರ ನಾನು ಹುರುಳಿಕಾಯಿ ಬಿಡಿಸುತ್ತಿದ್ದೆ. ಅವನು ಆಚೆ ಮೋಟು ಸ್ಟೂಲಿನ ಮೇಲೆ ಕೂತಿದ್ದ, ಆಸ್ಪತ್ರೆಯಿಂದ ಬಂದ ಮೇಲೆ ಅರ್ಧ ಆಳಾಗಿದ್ದಾನೆ. ಅಲ್ಲಿ ಕೊಡದೆ ಇದ್ದದ್ದರಿಂದ ಕುಡಿತ ಬಿಟ್ಟಿದೆ, ಇವನೇ ಬಿಟ್ಟದ್ದಲ್ಲ. ನಾನು ಏನೂ ಕೇಳಲಿಲ್ಲ. ಅವನೇ ಶುರುಮಾಡಿದ.

"ಲಮಾರಾ, ಅವತ್ತು ನಾನು ಹೇಳಿದ ಹತ್ತು ಸುಳ್ಳು."

"ಗೊತ್ತು."

"ನಿಂಗೆ ಬೇಜಾರಾಗಬಾರದು ಅಂತ ಹೇಳಿದ್ದು. ನಿಜ ಹೇಳಲಾ? ಮೂರು. ಮೂರೂ ಜಾಸ್ತಿನೇ."

ನೋಡು ಮಗಾ, ನನ್ನ ನಾಲಿಗೆ ತುದಿಗೆ ಏನೇನು ಬಂತೆಂದರೆ! ಮೂರಾ? ಹೆಂಡತಿಯ ಕೈಯಲ್ಲಿ ರಕ್ತ ತೊಳೆಸಿದೆಯಲ್ಲ, ಅದಕ್ಕೆ ಮೂರಾ? ಎಲ್ಲ ನುಂಗಿಕೊಂಡೆ. ನಿನಗಾಗಿ ಅಲ್ಲ, ಕೇಳಿದರೆ ಮುಂದೇನು ಹೇಳುತ್ತಾನೋ ಎಂದು ನಿಜವಾಗಿ ತಿಳಿಯಬೇಕಿತ್ತು. "ಸೊನ್ನೆ ಯಾಕಲ್ಲ ಮತ್ತೆ?" ಎಂದೆ.

ನಾನು ಕಾಯಿ ಬಿಡಿಸುತ್ತಿದ್ದೆ. ಆಮೇಲೆ ಹೇಳಿದ, "ಗಂಟಲಲ್ಲಿ ಕೊಳವೆ ಇತ್ತಲ್ಲ. ಪಕ್ಕದ ಹಾಸಿಗೇಲಿ ಒಬ್ಬ ಮುದುಕ ಸತ್ತ. ಅವನಿಗೆ ಯಾರೂ ಇರಲಿಲ್ಲ. ನಾನು ಅವನಿಗೊಂದು ಮಾತು ಹೇಳಬೇಕು ಅಂತ ಬಾಯಿ ತೆಗೆದೆ, ಗೊರಗೊರ ಅಂತ ಸದ್ದು ಬಂತು ಅಷ್ಟೆ. ನಲವತ್ತು ವರ್ಷದಿಂದ ಈ ಕಣಿವೇಲಿ ಸತ್ತ ಪ್ರತಿಯೊಬ್ಬನಿಗೂ ಮಾತಾಡಿದ್ದೀನಿ ಲಮಾರಾ. ಅವನು ಒಂದು ಮಾತೂ ಇಲ್ದೆ ಹೋದ. ನಂಗೆ ವೈನ್ ನೆನಪಾಗಲಿಲ್ಲ ಅಲ್ಲಿ. ಮಾತು ನೆನಪಾಯ್ತು."

"ನಿಂಗೆ ಬೇಕಾಗಿರೋದು ಮಾತು" ಎಂದೆ.

"ಹೂಂ. ಆದ್ರೆ ಕುಡೀದೆ ಮಾತಾಡೋನು ತಮಾದಾ ಅಲ್ಲ. ಅದು ಕಾನೂನು."

"ಯಾರು ಮಾಡಿದ್ದು?"

ಅವನಿಗೆ ಸಿಟ್ಟು ಬಂತು, ಎದ್ದು ಒಳಗೆ ಹೋದ. ನಾನು ಹಿಂದೆ ಹೋಗಲಿಲ್ಲ. ಒಟ್ಟು ಎಷ್ಟು ನಿಮಿಷವಾಯಿತು ಎಂದು ನೋಡಿಲ್ಲ, ಬುಟ್ಟಿ ಕಾಯಿ ಮುಗಿದಿತ್ತು.

ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಅವನ ತಮ್ಮನ ಮಗನ ಮದುವೆ. ತಮಾದಾ ನೀನೇ ಆಗಬೇಕು ಎಂದು ಕೇಳಿದ್ದಾರೆ, ಇವನು ಒಪ್ಪಿದ್ದಾನೆ. ಇಲ್ಲಿ ಒಬ್ಬೊಬ್ಬರೂ ನನ್ನ ಹತ್ತಿರ ಬಂದು, ಅವನನ್ನು ತಡೆಯಿರಿ ಡಾಕ್ಟರಮ್ಮ, ಎನ್ನುತ್ತಾರೆ.

ಹಿತ್ತಿಲ ಅಂಜೂರ ಕಳಿಸಿದ್ದೇನೆ. ಘೋಚಾ ಅರ್ಧ ತಿಂದಿರುತ್ತಾನೆ.

ಲಮಾರಾ


ಟಿಬಿಲಿಸಿ
ಸೆಪ್ಟೆಂಬರ್ 20

ಲಮಾರಾ ಅಮ್ಮಾ,

ದಯವಿಟ್ಟು ತಡೆಯಿರಿ.

ಇದನ್ನು ಬರೆಯುತ್ತಿರುವವನು ನಾನೇ, ತೆಲಾವಿಯಲ್ಲಿ ನಿಮಗೆ ಪಾಠ ಹೇಳಿದವನು. ನಗುತ್ತೀರಿ, ನಗಿ. ಆದರೆ ಇಡೀ ಮದುವೆಯ ಮೇಜು, ಕೈಯಲ್ಲಿ ಕೊಂಬು, ಎದುರಿಗೆ ನೂರಾರು ಜನ! ಒಂದು ಕೊಂಬು ಕುಡಿದರೂ ಸಾಕು. ನೀವು ಅವರ ಡಾಕ್ಟರು. ಹೋಗಬೇಡ ಎಂದು ಹೇಳಿ, ಹೆದರಿಸಿ, ಬೇಕಾದರೆ ನಿಮ್ಮ ಹಳೆಯ ರೀತಿಯಲ್ಲೇ ಬೈಯಿರಿ. ಅವರು ಸತ್ತರೆ ನಾನು ಮತ್ತೆ ಯಾರ ಮುಂದೆಯೂ ನಿಂತು ಪಾಠ ಮಾಡಲಾರೆ.

ಇನ್ನೊಂದು ವಿಷಯ. ಬೇಲಿಯ ಹತ್ತಿರದ ಮಾತುಕತೆಯನ್ನು ಕಚೇರಿಯಲ್ಲಿ ಓದಿದೆ. ಇದು ಚಿಕಿತ್ಸಾಲಯದಲ್ಲಿ ನಡೆದದ್ದಲ್ಲ, ಲೆಕ್ಕಕ್ಕೆ ಬರುವುದಿಲ್ಲ ಎಂದರು. ಇದೇ ಲೆಕ್ಕಕ್ಕೆ ಬರಬೇಕಾದದ್ದು ಎಂದು ನಾನು ಜಗಳವಾಡಿದೆ. ಕಾಖೇತಿಯ ತರಬೇತಿಯಿಂದ ಸಂಖ್ಯೆಯ ಪ್ರಶ್ನೆಯನ್ನೂ ತೆಗೆದುಹಾಕಿದೆ. ಮುಖ್ಯಸ್ಥರು ನನ್ನನ್ನು ಮಾತಾಡಿಸುತ್ತಿಲ್ಲ.

ಮದುವೆಗೆ ಮೊದಲು ಎರಡು ಸಾಲು ಬರೆಯಿರಿ.

ತೋರ್ನಿಕೆ


ಜ್ವರೀಸ್‌ಖೇವಿ
ಅಕ್ಟೋಬರ್ 30

ತೋರ್ನಿಕೆ ಮಗಾ,

ಎರಡು ಸಾಲು ಬರೆಯಲಿಲ್ಲ, ಏಕೆಂದರೆ ತಡೆಯುವುದಿಲ್ಲ ಎಂದು ಬರೆದಿದ್ದರೆ ನೀನೇ ಮಿನಿಬಸ್ಸು ಹತ್ತಿ ಬರುತ್ತಿದ್ದೆ. ಅವನನ್ನು ತಡೆದು, ಮನೆಯೊಳಗೆ ಕೂರಿಸಿ, ಮಾತಿಲ್ಲದೆ ಸಾಯಿಸುವುದಾದರೆ ಅದಕ್ಕೆ ಡಾಕ್ಟರು ಯಾಕೆ ಬೇಕು? ಆ ಪೇಟೆಯ ಬುದ್ಧಿ ನಿನಗಿರಲಿ. ಹೆದರಿಕೆ ನನಗೂ ಇತ್ತು. ರಕ್ತ ನಿಲ್ಲಿಸುವ ಚುಚ್ಚುಮದ್ದು ಕೈಚೀಲದಲ್ಲಿ ಇಟ್ಟುಕೊಂಡು, ಹೊರಗೆ ಘೋಚಾನ ಬಸ್ಸು ನಿಲ್ಲಿಸಿಕೊಂಡು, ಮದುವೆಗೆ ಹೋಗಿದ್ದೆ.

ಜುಂಬೇರ್ ಎದ್ದು ನಿಂತ. ಕೋಟು ಅವನ ಮೈಮೇಲೆ ನೇತಾಡುತ್ತಿತ್ತು. ಕೊಂಬಿನ ತುಂಬ ಹೊಸ ವೈನ್. ದೇವರಿಗೆ ಮೊದಲ ಮಾತು ಹೇಳಿದ. ಹೇಗೆ ಹೇಳಿದನೆಂದರೆ, ಗಲಾಟೆ ಮಾಡುತ್ತಿದ್ದ ಅಡುಗೆಯವರು ಕೂಡ ಕೈ ನಿಲ್ಲಿಸಿ ಬಾಗಿಲಿಗೆ ಬಂದು ನಿಂತರು. ಮಾತು ಮುಗಿಯಿತು. ಕೊಂಬು ತುಟಿಯ ತನಕ ಹೋಯಿತು. ನಾನು ಕೈಚೀಲದ ಬಾಯಿ ಬಿಚ್ಚಿದೆ. ಅವನು ಕೊಂಬನ್ನು ಕೆಳಗಿಳಿಸಿ, ತನ್ನ ಎದುರಿಗಿದ್ದ ಉದ್ದನೆಯ ರೊಟ್ಟಿಯ ಮೇಲೆ ಅಷ್ಟನ್ನೂ ಸುರಿದ.

ಸತ್ತವರ ಹೆಸರು ಹೇಳುವಾಗ ರೊಟ್ಟಿಯ ಮೇಲೆ ನಾಲ್ಕು ಹನಿ ಹಾಕುತ್ತೇವೆ, ನಿನಗೂ ಗೊತ್ತು. ಆದರೆ ಕೊಂಬಿಗೆ ಕೊಂಬೇ, ಅದೂ ದೇವರ ಮಾತಿಗೆ, ಮದುವೆಯಲ್ಲಿ! ಎಲ್ಲರೂ ಕಣ್ಣು ಬಿಟ್ಟುಕೊಂಡು ನೋಡಿದರು. ಎರಡನೆಯದು ಶಾಂತಿಗೆ. ಅದೂ ರೊಟ್ಟಿಗೆ. ಮೂರನೆಯದಕ್ಕೆ ಹೆಣ್ಣಿನ ಸೋದರಮಾವ, ಅಲಜಾನಿ ನದಿಯಾಚೆಯ ವಾಜಾ ಎಂಬ ಹೋರಿಯಂಥ ಮನುಷ್ಯ, ಮೇಜು ಗುದ್ದಿ ಎದ್ದ.

"ಏನಯ್ಯಾ ಇದು, ಮದುವೆನಾ ತಿಥಿನಾ? ನಮ್ಮ ಹುಡುಗಿಗೆ ಹಾರೈಸಿ ಕುಡಿಯೋಕೆ ಆಗ್ದೇ ಇರೋನನ್ನ ಯಾಕೆ ನಿಲ್ಸಿದ್ದೀರಿ? ಗಂಡಸು ಯಾರೂ ಇರ್ಲಿಲ್ವಾ ನಿಮ್ಮೂರಲ್ಲಿ?"

ಮೈ ಉರಿದುಹೋಯಿತು ನನಗೆ. ಎದ್ದು, "ಮುಚ್ಚಯ್ಯಾ ಬಾಯಿ! ತಮಾದಾ ಮಾತಾಡ್ತಿದ್ದಾನೆ, ಕಾಣಲ್ವಾ?" ಎಂದು ಕೂಗಿದೆ. ಇದಕ್ಕೆ ಎಷ್ಟು ಅಂಕ ಕಳೆಯುತ್ತೀಯೋ ಕಳೆ. ಜುಂಬೇರನಿಗೆ ಮಾತ್ರ ಒಂದು ಮಾತೂ ಹೇಳಲಿಲ್ಲ. ಕುಡಿ ಎಂದೂ ಇಲ್ಲ, ಬೇಡ ಎಂದೂ ಇಲ್ಲ, ಕಣ್ಸನ್ನೆ ಕೂಡ ಮಾಡಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ.

ಜುಂಬೇರ್ ಕೊಂಬನ್ನು ಮತ್ತೆ ತುಂಬಿಸಿಕೊಂಡ. ವಾಜಾನ ಕಡೆ ತಿರುಗಿ, ಒಂದಿಷ್ಟೂ ದನಿ ಏರಿಸದೆ ಹೇಳಿದ, "ನಲವತ್ತು ವರ್ಷ ಸತ್ತವರ ಹೆಸರಲ್ಲಿ ಕೊಂಬು ಎತ್ತಿದೆ ತಮ್ಮಾ, ಕುಡಿದಿದ್ದು ಮಾತ್ರ ನಾನು. ಅವರ ಬಾಯಿಗೆ ನಾಲ್ಕು ಹನಿ. ನಿನ್ನ ಅಕ್ಕನ ಗಂಡ, ಈ ಹುಡುಗಿಯ ಅಪ್ಪ, ಇವತ್ತು ಇಲ್ಲಿ ಇರಬೇಕಿತ್ತು. ಮಗಳ ಮದುವೆ ವೈನ್ ಅವನಿಗೆ ಬೇಡ್ವಾ? ಇಗೋ, ಇದು ಪೂರ್ತಿ ಅವನದ್ದು. ಬೇಡ ಅನ್ನೋನು ಎದ್ದು ಹೇಳಲಿ."

ಸುರಿದ. ರೊಟ್ಟಿ ಒದ್ದೆಯಾಗಿ ಮೇಜಿನ ಬಟ್ಟೆಯೆಲ್ಲ ಕೆಂಪಾಯಿತು. ಮದುಮಗಳು ಬಿಕ್ಕಿಬಿಕ್ಕಿ ಅತ್ತಳು. ಸತ್ತವನ ಪಾಲಿಗೆ ಯಾರು ಅಡ್ಡ ಬರುತ್ತಾರೆ ಹೇಳು? ವಾಜಾ ನಿಂತೇ ಇದ್ದ, ಮುಖ ಕೆಂಪು. ಆಮೇಲೆ ತನ್ನ ಲೋಟವನ್ನೂ ಭಾವನ ಹೆಸರಿಗೆ ರೊಟ್ಟಿಯ ಮೇಲೆ ಸುರಿದು ಕೂತ. ಅದಾದ ಮೇಲೆ ಒಂದಾದರೂ ಕೊಂಕು ಬರಲಿಲ್ಲ. ಜುಂಬೇರ್ ಮಕ್ಕಳಿಗೆ, ದ್ರಾಕ್ಷಿಬಳ್ಳಿಗೆ, ಅಮ್ಮಂದಿರಿಗೆ, ಆಸ್ಪತ್ರೆಯಲ್ಲಿ ಹೆಸರಿಲ್ಲದೆ ಸತ್ತ ಆ ಮುದುಕನಿಗೂ ಮಾತಾಡಿದ. ಅಷ್ಟು ಚೆನ್ನಾಗಿ ಅವನು ಯಾವತ್ತೂ ಮಾತಾಡಿರಲಿಲ್ಲ. ಮೊದಲೆಲ್ಲ ಹತ್ತನೆಯ ಕೊಂಬಿನ ಹೊತ್ತಿಗೆ ನಾಲಿಗೆ ತೊದಲುತ್ತಿತ್ತು, ನಾವು ಮರ್ಯಾದೆಗೆ ಕೇಳಿಸಿಕೊಳ್ಳುತ್ತಿದ್ದೆವು.

ಈ ಉಪಾಯ ನನ್ನದಲ್ಲ. ನಿನ್ನದೂ ಅಲ್ಲ. ನಾವಿಬ್ಬರೂ ಸೇರಿ ನೂರು ವರ್ಷ ಕೂತಿದ್ದರೂ ನಮಗೆ ಇದು ಹೊಳೆಯುತ್ತಿರಲಿಲ್ಲ.

ಲಮಾರಾ


ಟಿಬಿಲಿಸಿ
ನವೆಂಬರ್ 15

ಲಮಾರಾ ಅಮ್ಮಾ,

ನಿಮ್ಮ ಪತ್ರವನ್ನು ಹೊಸ ತಂಡದ ಡಾಕ್ಟರುಗಳ ಮುಂದೆ ಗಟ್ಟಿಯಾಗಿ ಓದಿದೆ. ಒಬ್ಬ ಡಾಕ್ಟರು, ಇದು ಯಾವ ಪಾಠಕ್ಕೆ ಉದಾಹರಣೆ ಎಂದು ಕೇಳಿದರು. ಗೊತ್ತಿಲ್ಲ, ಮೊದಲು ಕೇಳಿಸಿಕೊಳ್ಳಿ ಎಂದೆ.

ಈಗ ಕಚೇರಿಯ ಸುದ್ದಿ. ಲೆಕ್ಕಕ್ಕಿಲ್ಲ ಎಂದಿದ್ದವರಿಗೆ ಈಗ ನೀವು ಬೇಕು. ನಿಮ್ಮ ಮತ್ತು ಜುಂಬೇರರ ಚಿತ್ರ ಹಾಕಿ, ಐದು ನಿಮಿಷದ ಮಾತು ಉಳಿಸಿದ ಜೀವ ಎಂದು ಬರೆಯುತ್ತಾರಂತೆ. ಜನವರಿಯಲ್ಲಿ ಇಲ್ಲಿ ಸಮಾರಂಭ, ಸರ್ಟಿಫಿಕೇಟು, ಹೂವು. ಇದು ಸುಳ್ಳು, ಐದು ನಿಮಿಷವೂ ಅಲ್ಲ, ಉಳಿಸಿದ್ದು ನಾವೂ ಅಲ್ಲ, ಅವರು ನಾಳೆ ಕುಡಿಯಲೂಬಹುದು ಎಂದು ನಾನು ಹೇಳಿದೆ. ಹಾಗಾದರೆ ನಿನ್ನ ಜಾಗಕ್ಕೆ ಬೇರೆಯವರನ್ನು ನೋಡುತ್ತೇವೆ ಎಂದರು. ನೋಡಿ ಎಂದೆ. ಸುಳ್ಳು ಬರೆದುಕೊಡಲಿಲ್ಲ. ಬೇರೆಯವರು ಸಿಗುವ ತನಕ ಇಲ್ಲೇ ಇರುತ್ತೇನೆ, ಸಮಾರಂಭವನ್ನಂತೂ ಅವರು ಬಿಡುವುದಿಲ್ಲ.

ಬರುವುದು ಬಿಡುವುದು ನಿಮ್ಮಿಷ್ಟ. ಟ್ಯಾಕ್ಸಿಯವನು ನಿನ್ನೆ ಮತ್ತೆ ಬಂದಿದ್ದ. ನಾನು ಏನೂ ವಾಪಸು ಹೇಳದೆ ಸುಮ್ಮನೆ ಕೇಳಿಸಿಕೊಂಡೆ. ಹೋಗುವಾಗ, ಗುರುವಾರ ಇರ್ತೀಯಾ ಎಂದ.

ನಿಮ್ಮ,
ತೋರ್ನಿಕೆ


ಜ್ವರೀಸ್‌ಖೇವಿ
ಜನವರಿ 18

ಮಗಾ,

ಸಮಾರಂಭಕ್ಕೆ ನಾನು ಬರುವುದಿಲ್ಲ. ಕಾರಣ ನಿನಗೊಬ್ಬನಿಗೆ ಹೇಳುತ್ತೇನೆ. ಕಚೇರಿಯವರಿಗೆ ಹಿಮ ಬಿದ್ದು ದಾರಿ ಮುಚ್ಚಿದೆ ಎಂದು ಹೇಳು.

ಹಳೆಯ ಪಂಚಾಂಗದ ಪ್ರಕಾರ ಜನವರಿ 14ಕ್ಕೆ ಬರುವ ಹೊಸವರ್ಷದ ಮಾರನೆಯ ಬೆಳಿಗ್ಗೆ ಚಿಕಿತ್ಸಾಲಯದ ಬಾಗಿಲು ತೆಗೆಯುವ ಹೊತ್ತಿಗೆ ಜುಂಬೇರ್ ಮೆಟ್ಟಿಲ ಮೇಲೆ ಕೂತಿದ್ದ. ಒಳಗೆ ಬಂದ. ಕೂರಲಿಲ್ಲ.

"ನಿನ್ನೆ ಕುಡಿದೆ" ಎಂದ. "ಎರಡು ಲೋಟ. ಹಬ್ಬದ ಊಟಕ್ಕೆ ಎಲ್ಲರೂ ಬಂದು ಹೋದ ಮೇಲೆ, ನೆಲಮಾಳಿಗೇಲಿ, ನಿಂತ್ಕೊಂಡು, ಒಬ್ಬನೇ. ಒಂದು ಮಾತೂ ಹೇಳ್ದೆ ಕುಡಿದೆ ಲಮಾರಾ. ದನ ನೀರು ಕುಡಿಯೋ ಹಾಗೆ."

ಅವನ ಹೊಟ್ಟೆ ಒತ್ತಿ ನೋಡಿದೆ, ನಾಡಿ ನೋಡಿದೆ, ರಕ್ತದ ಸುಳಿವಿಲ್ಲ. ಮೂವತ್ತು ವರ್ಷದಿಂದ ಈ ಊರಿನಲ್ಲಿ ಕುಡಿದವನು ನನ್ನನ್ನು ಕಂಡರೆ ಚರ್ಚಿನ ಹಿಂದಿನ ಓಣಿ ಹಿಡಿಯುತ್ತಾನೆ. ವಾರಗಟ್ಟಲೆ ತಪ್ಪಿಸಿಕೊಂಡು ತಿರುಗುತ್ತಾನೆ, ಆ ವಾರಗಳಲ್ಲೇ ಸಾಯುತ್ತಾನೆ. ನಾನು ಎಷ್ಟು ಜನರನ್ನು ಹಾಗೆ ಮಣ್ಣಿಗಿಟ್ಟಿದ್ದೇನೆ! ಇವನು ಕುಡಿದ ಮಾರನೆಯ ಬೆಳಿಗ್ಗೆಯೇ, ಯಾರೂ ಕರೆಯದೆ, ತಾನಾಗಿ ನಡೆದು ಬಂದಿದ್ದ.

"ಬೈ" ಎಂದ. "ಬೈದು ಮುಗಿಸಿಬಿಡು. ಆಮೇಲೆ ಮಾತಾಡೋಣ. ನಂಗೆ ಹೆದರಿಕೆ ಆಗ್ತಿದೆ."

ಬೈಯಲಿಲ್ಲ ಮಗಾ. ಅಳು ಬಂತು, ಅದನ್ನೂ ತೋರಿಸಲಿಲ್ಲ. ಹೊರಗೆ ಕಾಯುತ್ತಿದ್ದವರಿಗೆ, "ಇವತ್ತು ಬೆಳಿಗ್ಗೆ ಯಾರನ್ನೂ ನೋಡಲ್ಲ, ಮನೆಗೆ ಹೋಗಿ" ಎಂದೆ. ಅಂಚೆಯವಳು ಗೊಣಗಿದಳು, ಗೊಣಗಲಿ. ಬಾಗಿಲು ಹಾಕಿ, ಒಲೆಗೆ ಸೌದೆ ತುಂಬಿ, ಅವನ ಎದುರಿಗೆ ಕೂತೆ. ಅವನು ಮಾತಾಡಿದ. ಮಧ್ಯಾಹ್ನ ಎಲಿಕೋ ಊಟಕ್ಕೆ ಹುಡುಕಿಕೊಂಡು ಬರುವ ತನಕ ಮಾತಾಡಿದ. ಅಂದಿನಿಂದ ದಿನಾ ಬರುತ್ತಿದ್ದಾನೆ, ನಾಳೆಯೂ ಬರುತ್ತಾನಂತೆ. ನಾಡಿದ್ದೂ ಬರಲಿ ಎಂದಿದ್ದೇನೆ.

ನಿನ್ನ ಸಮಾರಂಭದ ದಿನವೂ ಅವನು ಬರುತ್ತಾನೆ, ಅದಕ್ಕೇ ನಾನು ಇಲ್ಲಿಂದ ಕದಲುವುದಿಲ್ಲ. ಸುದ್ದಿ ಹೇಗೋ ಅಲ್ಲಿಗೂ ಮುಟ್ಟಿ, ಕುಡಿದನಂತಲ್ಲ, ಹಾಗಾದರೆ ಸೋತಿರಿ ಎಂದು ಯಾರಾದರೂ ನಿನ್ನ ಮುಖದೆದುರು ಹೇಳಿದರೆ ತಲೆ ತಗ್ಗಿಸಬೇಡ. ಜುಂಬೇರ್ ಬದುಕಿದ್ದಾನೆ. ನಡೆದುಕೊಂಡು ಬಂದು ನನ್ನ ಎದುರು ಕೂತು ಮಾತಾಡುತ್ತಿದ್ದಾನೆ. ಇದಕ್ಕೆ ಅಂಕ ಹಾಕಬೇಕು ಅನ್ನುವವರನ್ನು ನೀನೇನೂ ಸಮಾಧಾನ ಮಾಡಲು ಹೋಗಬೇಡ, ಘೋಚಾನ ಬಸ್ಸು ಹತ್ತಿಸಿ ನನ್ನ ಹತ್ತಿರ ಕಳಿಸು.

ಲಮಾರಾ